ಎಡಗಡೆಯ ನಲ್ಲಿ

ಊರಿನವರ ಮನೆಯ ಸೋರಿಕೆಯನ್ನೆಲ್ಲ ನಿಲ್ಲಿಸಿದ ನಲ್ಲಿ ಮೇಸ್ತ್ರಿಯ ಸ್ವಂತ ಮನೆಯಲ್ಲಿ ಮೂವತ್ತೆರಡು ವರ್ಷ ಬಿಸಿನೀರು ತಪ್ಪು ನಲ್ಲಿಯಲ್ಲಿ ಬಂತು. ಬೇರೆಲ್ಲ ಮನೆಗಳಲ್ಲಿ ಎಡಗಡೆ ಬಿಸಿ, ಬಲಗಡೆ ತಣ್ಣೀರು. ಇವನ ಬಚ್ಚಲಿನ ಬೇಸಿನ್ನಿನಲ್ಲಿ ಬಲಗಡೆ ಬಿಸಿ, ಎಡಗಡೆ ತಣ್ಣೀರು. ಮನೆ ಕಟ್ಟಿಸುವಾಗ ಇನ್ಯಾರದೋ ಮನೆಯಲ್ಲಿ ಪೈಪು ಒಡೆದಿದೆ ಎಂದು ಕರೆ ಬಂದಿತ್ತು. ಮೇಸ್ತ್ರಿ ಗಡಿಬಿಡಿಯಲ್ಲಿ ಎರಡು ಪೈಪುಗಳನ್ನು ಅದಲುಬದಲಾಗಿ ಸೇರಿಸಿ ಓಡಿದ್ದ. ವಾಪಸು ಬರುವಷ್ಟರಲ್ಲಿ ಗಾರೆಯವನು ಗೋಡೆ ಮುಚ್ಚಿ, ಟೈಲ್ಸ್ ಅಂಟಿಸಿ, ಸೈಕಲ್ ಹತ್ತಿ ಹೋಗಿದ್ದ. "ನಾಳೆ ಸರಿ ಮಾಡ್ತೀನಿ" ಎಂದ ಮೇಸ್ತ್ರಿ. ಕಸುಬಿನವರ ಬಾಯಲ್ಲಿ ಬರುವ ನಾಳೆ ಎಷ್ಟು ಉದ್ದದ್ದು ಎಂದು ಅವರ ಹೆಂಡತಿಯರನ್ನೇ ಕೇಳಬೇಕು.

ಮನೆಯವರ ಕೈಗಳು ಹೇಗೋ ಹೊಂದಿಕೊಂಡವು. ಹೊರಗಿನಿಂದ ಬಂದವರ ಕೈಗೆ ಮಾತ್ರ ಅದು ಗೊತ್ತಿರಲಿಲ್ಲ. ಮಗಳಿಗೆ ಮೂರು ವರ್ಷವಿದ್ದಾಗ ಮೇಸ್ತ್ರಿಯ ಅಕ್ಕ ಬಂದಿದ್ದಳು. ಮಗುವಿನ ಕೈ ತೊಳೆಸಲೆಂದು ಬಲಗಡೆಯ, ನೀಲಿ ಬೊಟ್ಟಿನ ನಲ್ಲಿಯನ್ನು ತಿರುಗಿಸಿದಳು. ಗೀಸರ್ ಆಗಷ್ಟೇ ಕಾದಿತ್ತು. ಮಗುವಿನ ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಲಿದು ಬಂತು. "ನನ್ನ ಕೈಯಿಂದಲೇ ಆಯ್ತಲ್ಲೋ" ಎಂದು ಅಕ್ಕ ಎದೆ ಬಡಿದುಕೊಂಡು ಅತ್ತಳು. "ಅಲ್ಲ ಅಕ್ಕಾ, ನನ್ನ ಪೈಪಿನಿಂದ" ಎನ್ನಬೇಕಾದವನು ತುಟಿ ಬಿಚ್ಚಲಿಲ್ಲ. ಮರುದಿನ ಐದೇ ನಿಮಿಷದಲ್ಲಿ ನೀಲಿ ಬೊಟ್ಟನ್ನೂ ಕೆಂಪು ಬೊಟ್ಟನ್ನೂ ಕಿತ್ತು ಅತ್ತಿಂದಿತ್ತ ಅಂಟಿಸಿದ. ಗೋಡೆ ಒಡೆಯಲಿಲ್ಲ. ಒಡೆದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತಿತ್ತಲ್ಲ! ಅಕ್ಕ ತೀರಿಕೊಳ್ಳುವವರೆಗೂ ಅದು ತನ್ನದೇ ತಪ್ಪೆಂದು ನಂಬಿದ್ದಳು.

ಆ ಮಗಳು ಈಗ ಲಿಫ್ಟ್ ಇನ್ಸ್‌ಪೆಕ್ಟರ್. ದೊಡ್ಡ ದೊಡ್ಡ ಕಟ್ಟಡಗಳಿಗೆ ಹೋಗಿ, ಲಿಫ್ಟಿನ ಹಗ್ಗ, ಬಾಗಿಲು, ಬ್ರೇಕು ಪರೀಕ್ಷಿಸಿ, ರಟ್ಟಿಗೆ ಸಿಕ್ಕಿಸಿದ ಹಾಳೆಯಲ್ಲಿ ಗೆರೆ ಎಳೆಯುವ ಕೆಲಸ. ಅವಳಿಗೆ ಎರಡೂವರೆ ವರ್ಷದ ಹುಡುಗಿ. ಹಿಡಿದದ್ದನ್ನು ಬಿಡುವುದಿಲ್ಲ, ಒಂದು ಕಡೆ ನಿಲ್ಲುವುದಿಲ್ಲ, ಸಂದಿ ಕಂಡರೆ ನುಗ್ಗುತ್ತದೆ ಎಂದು ತಾತನೇ ಅದಕ್ಕೆ ಕಟ್ಟಿರುವೆ ಎಂದು ಹೆಸರಿಟ್ಟಿದ್ದ. ಮಗಳು ತಿಂಗಳಿಗೆರಡು ಸಲ ಕಟ್ಟಿರುವೆಯನ್ನು ಕರೆದುಕೊಂಡು ಬರುತ್ತಿದ್ದಳು, ಉಣ್ಣುತ್ತಿದ್ದಳು, ನಗುತ್ತಿದ್ದಳು. ಆದರೆ ಮಗುವಿನ ಕೈ ತೊಳೆಸುವ ಹೊತ್ತು ಬಂದರೆ ಚೀಲದಿಂದ ಒಂದು ಹಸಿರು ಬಾಟಲಿ ತೆಗೆದು, ಅಂಗಳಕ್ಕೆ ಹೋಗಿ, ತನ್ನ ಮನೆಯಿಂದ ತಂದ ನೀರಿನಲ್ಲೇ ತೊಳೆಸುತ್ತಿದ್ದಳು. ಊರಿಗೆಲ್ಲ ನೀರು ಹರಿಸಿದವನ ಮನೆಗೆ ಬಾಟಲಿ ನೀರು! ಅವಳು ಕಾರಣ ಹೇಳಲಿಲ್ಲ, ಇವನು ಕೇಳಲಿಲ್ಲ. ಆ ಹಸಿರು ಬಾಟಲಿ ಕಂಡಾಗಲೆಲ್ಲ ಮೇಸ್ತ್ರಿ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಹೀಗಿರುವಾಗ ಮಗಳ ಅತ್ತೆಗೆ ಮಂಡಿಯ ಆಪರೇಷನ್ ಗೊತ್ತಾಯಿತು. ಹಗಲಿಡೀ ಮಗು ನೋಡಿಕೊಳ್ಳುತ್ತಿದ್ದವರು ಅವರೇ.

"ಎಲ್ಲಾದ್ರೂ ಬಿಡ್ಬೇಕು" ಎಂದಳು ಮಗಳು.

"ಎಲ್ಲಾದ್ರೂ ಯಾಕೆ? ನಾವೇನು ಸತ್ತು ಹೋಗಿದೀವಾ?" ಮೇಸ್ತ್ರಿಯ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು.

ಮಗಳು ಅಪ್ಪನ ಕಡೆ ತಿರುಗಿದಳು. "ಮೂರು ವಾರ ಟೈಮಿದೆ ಅಪ್ಪಾ. ಆಮೇಲೆ ಒಂದು ಭಾನುವಾರ ಬಂದು ಬಚ್ಚಲು, ಅಡುಗೆಮನೆ, ಟ್ಯಾಂಕು ಎಲ್ಲಾ ನೋಡ್ತೀನಿ. ಸರಿ ಅನ್ಸಿದ್ರೆ ಇಲ್ಲೇ ಬಿಡ್ತೀನಿ. ಇಲ್ದಿದ್ರೆ ಆಫೀಸ್ ಪಕ್ಕ ಒಂದು ಶಿಶುವಿಹಾರ ಇದೆ, ಫಾರಂ ತಂದಿಟ್ಕೊಂಡಿದೀನಿ."

ಮೇಸ್ತ್ರಿ ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಬಂದ ಮೂರು ಕರೆಗಳಿಗೆ "ಆಗಲ್ಲ, ಅರ್ಜೆಂಟ್ ಕೆಲಸ ಒಪ್ಕೊಂಡಿದೀನಿ" ಎಂದು ಹೇಳಿ, ಉಳಿ ಸುತ್ತಿಗೆ ಹಿಡಿದು ಸ್ವಂತ ಬಚ್ಚಲಿಗೆ ನುಗ್ಗಿದ.

ಮೊದಲು ಒಡೆದದ್ದೇ ಆ ಗೋಡೆ. ಟೈಲ್ಸ್ ಕಿತ್ತು, ಮೂವತ್ತೆರಡು ವರ್ಷದ ಹಿಂದಿನ ತನ್ನ ಗಡಿಬಿಡಿಯನ್ನು ಕಣ್ಣಾರೆ ಕಂಡು, ತನಗೆ ತಾನೇ ಎರಡು ಬೈಗುಳ ಬೈದುಕೊಂಡು, ಬಿಸಿನೀರಿನ ಪೈಪನ್ನು ಎಡಗಡೆಗೆ ತಂದ. ಅಷ್ಟಕ್ಕೇ ಬಿಡಲಿಲ್ಲ. ಗೀಸರಿನ ಕುದಿನೀರಿಗೆ ದಾರಿಯಲ್ಲೇ ತಣ್ಣೀರು ಬೆರೆಸಿ, ಬೆಚ್ಚಗಿರುವಷ್ಟೇ ಮುಂದಕ್ಕೆ ಬಿಡುವ ಒಂದು ಹಿತ್ತಾಳೆಯ ವಾಲ್ವನ್ನು ಪೈಪಿನ ನಡುವೆ ಕೂರಿಸಿದ. ಅದರ ಮೂತಿಯನ್ನು ಇಷ್ಟಿಷ್ಟೇ ತಿರುಗಿಸುತ್ತ, ಮಣಿಕಟ್ಟಿನ ಒಳಭಾಗವನ್ನು ನೀರಿಗೊಡ್ಡುತ್ತ, ನಲವತ್ತು ಸಲವಾದರೂ ಪರೀಕ್ಷೆ ಮಾಡಿದ. ಹಸುಗೂಸಿನ ಸ್ನಾನಕ್ಕೆ ಒಪ್ಪುವ ಬಿಸಿಗೆ ನಿಲ್ಲಿಸಿ ಗೋಡೆ ಮುಚ್ಚಿದ. ಕುದಿನೀರು ನಲ್ಲಿಯವರೆಗೆ ಬರದಿದ್ದರೆ ಆಯಿತಲ್ಲ, ಯಾರು ಯಾವುದನ್ನು ತಿರುಗಿಸಿದರೇನು?

ಇಷ್ಟು ಮಾಡಿ ಸುಮ್ಮನಾಗಿದ್ದರೆ ಅವನು ಮೇಸ್ತ್ರಿಯೇ ಅಲ್ಲ. ನೆಲದಡಿಯ ನೀರಿನ ತೊಟ್ಟಿಯ ಮುಚ್ಚಳಕ್ಕೆ ಎಂಟು ಬೋಲ್ಟು ಹಾಕಿದ. ಬಚ್ಚಲ ತೂತಿಗೆ ಜಾಲರಿ ಹಾಕಿದ. ನಲ್ಲಿಗಳ ಮೂತಿಗೆ ತಲೆ ಬಡಿಯದಂತೆ ಸ್ಪಂಜಿನ ಟೋಪಿ ತೊಡಿಸಿದ. ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿಗೆ ಅಯಸ್ಕಾಂತದ ಚಿಲಕ ಇಟ್ಟ. ಅದರೊಳಗಿದ್ದ ಆಸಿಡ್ ಡಬ್ಬಿಯನ್ನು ಅಟ್ಟಕ್ಕೆ ಸಾಗಿಸಿದ. ಬಕೆಟ್ಟುಗಳನ್ನಂತೂ ಕೊಕ್ಕೆ ಹಾಕಿ ಸೂರಿಗೇ ನೇತುಹಾಕಿದ.

"ಸ್ನಾನಕ್ಕೆ ಮುಂಚೆ ಏಣಿ ಹತ್ತಬೇಕಾ ನಾನು?" ಎಂದಳು ಹೆಂಡತಿ.

"ಬಕೆಟ್ಟಲ್ಲಿ ಒಂದು ಗೇಣು ನೀರಿದ್ರೆ ಸಾಕು ಕಣೇ, ಮಗು ತಲೆಕೆಳಗಾಗಿ ಬಿದ್ರೆ ಮೇಲೇಳೋಕಾಗಲ್ಲ. ಸದ್ದೂ ಬರಲ್ಲ" ಎಂದ ಮೇಸ್ತ್ರಿ. ಅದನ್ನು ಹೇಳುವಾಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಹೆಂಡತಿ ಸ್ಟೂಲು ತಂದಿಟ್ಟುಕೊಂಡಳು.

ಆದರೆ ನಲ್ಲಿಯ ಹಿಡಿಗಳ ವಿಷಯದಲ್ಲಿ ಆಕೆಯ ತಾಳ್ಮೆ ಕೆಟ್ಟಿತು. ಮಗು ನಲ್ಲಿ ತಿರುಗಿಸಬಾರದೆಂದು ಮೇಸ್ತ್ರಿ ಮನೆಯ ಒಂಬತ್ತು ನಲ್ಲಿಗಳ ಹಿಡಿಯನ್ನೂ ಬಿಚ್ಚಿಟ್ಟುಬಿಟ್ಟ. ಗೋಡೆಯಲ್ಲಿ ಉಳಿದದ್ದು ಬೋಳು ಕಡ್ಡಿಗಳು. ಎಲ್ಲಕ್ಕೂ ಹೊಂದುವ ಒಂದೇ ಒಂದು ಹಿಡಿಯನ್ನು ಗಟ್ಟಿ ದಾರಕ್ಕೆ ಪೋಣಿಸಿ ತನ್ನ ಕೊರಳಿಗೆ ಹಾಕಿಕೊಂಡ. ನೀರು ಬೇಕಾದವರು ಮೇಸ್ತ್ರಿಯನ್ನು ಕೂಗಬೇಕು. ಮೇಸ್ತ್ರಿ ಬಂದು, ಬಗ್ಗಿ, ಹಿಡಿ ಸಿಕ್ಕಿಸಿ, ತಿರುಗಿಸಿ ಹೋಗುವನು.

"ಕಣ್ಣಿಗೆ ಸೋಪು ಹೋಗಿದೆ, ಬನ್ರೀ!" ಎಂದು ಆಕೆ ಒಳಗಿನಿಂದ ಕೂಗುತ್ತಿದ್ದಳು.

"ಬಂದೆ, ಬಂದೆ. ಯಾವ ನಲ್ಲಿ?"

"ಬಿಸಿದು! ಇದನ್ನ ಬಿಸಿ ಅಂತ ಬೇರೆ ಕರೀಬೇಕು! ಗೀಸರ್ ಕೆಟ್ಟಿದೆ ಅಂತ ಹತ್ತು ದಿನದಿಂದ ಬಡ್ಕೊಳ್ತಿದೀನಿ. ನಾಯಿ ಮೂಗಿನಷ್ಟೂ ಬಿಸಿ ಇಲ್ಲ!"

ಮೈ ಕೆಂಪಗಾಗುವಷ್ಟು ಸುಡುನೀರು ಹೊಯ್ದುಕೊಂಡರೇ ಸ್ನಾನ ಎಂದು ನಂಬಿದವಳು ಆಕೆ. ವಾಲ್ವಿನ ಗುಟ್ಟನ್ನು ಮೇಸ್ತ್ರಿ ಬಿಟ್ಟುಕೊಡಲಿಲ್ಲ. ಹೇಳಿದರೆ ಆಕೆ ಗೋಡೆಯನ್ನು ಮತ್ತೆ ಒಡೆಸುವುದು ಖಂಡಿತ. "ಮನುಷ್ಯರಿಗೆ ಅಷ್ಟು ಬಿಸಿ ಸಾಕು" ಎಂದಷ್ಟೇ ಹೇಳಿದ.

"ನನ್ನ ತಮ್ಮನ್ನ ಕರೆಸ್ತೀನಿ ನೋಡಿ."

ಈ ಮಾತು ಕೇಳಿದರೆ ಮೇಸ್ತ್ರಿಗೆ ಪಿತ್ತ ನೆತ್ತಿಗೇರುತ್ತಿತ್ತು. ಬಾಮೈದನೂ ಪ್ಲಂಬರೇ. ಇವನ ಕೈಕೆಳಗೇ ಕೆಲಸ ಕಲಿತು, ಇವನ ಪಾನಾವನ್ನೇ ಎರವಲು ತೆಗೆದುಕೊಂಡು ಹೋಗಿ, ಎದುರು ಬೀದಿಯಲ್ಲಿ ಅಂಗಡಿ ಇಟ್ಟವನು. ಪಾನಾ ಇನ್ನೂ ವಾಪಸು ಬಂದಿಲ್ಲ. "ಅವನು ಈ ಮನೆ ಪೈಪು ಮುಟ್ಟಿದ್ರೆ ನಾನು ಈ ಕಸುಬೇ ಬಿಟ್ಬಿಡ್ತೀನಿ" ಎಂದು ಗುಡುಗಿದ.

ಇನ್ನು ಕಮೋಡಿನ ಮುಚ್ಚಳ. ಅದಕ್ಕೆ ಹಾಕಿದ್ದು ಮೇಸ್ತ್ರಿ ಸ್ವತಃ ಯೋಚಿಸಿ ಮಾಡಿದ ಬೀಗ. ಎರಡು ಪಕ್ಕದ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು, ಒತ್ತಿದ ಬೆರಳು ಬಿಡದೆ ನಡುವಿನ ನಾಲಗೆಯನ್ನು ಮುಂದಕ್ಕೆ ಎಳೆಯಬೇಕು, ಆಮೇಲೆ ಎತ್ತಬೇಕು. ಅದರ ಮೊದಲ ಬಲಿ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಎರವಲು ಪಡೆದ ಏಣಿ ವಾಪಸು ಕೊಡಲು ಬಂದವರು, "ಒಂದ್ನಿಮಿಷ" ಎಂದು ಬಚ್ಚಲಿಗೆ ಹೋದರು. ಐದು ನಿಮಿಷವಾಯಿತು. ಒಳಗಿನಿಂದ ದನಿ ಬಂತು.

"ಮೇಸ್ತ್ರೀ, ಇದು ತೆಗೆಯೋದು ಹೇಗೆ?"

"ಎರಡೂ ಗುಂಡಿ ಒತ್ತಿ ಸಾರ್!"

"ಒತ್ತಿದೆ."

"ಒತ್ಕೊಂಡೇ ನಾಲಗೆ ಎಳೀರಿ!"

"ಎರಡು ಕೈಯೂ ಗುಂಡಿ ಮೇಲಿದೆ ಕಣಯ್ಯಾ! ನಾಲಗೇನ ಯಾವುದರಲ್ಲಿ ಎಳೀಲಿ?"

"ಕಿರುಬೆರಳಲ್ಲಿ ಸಾರ್!"

ಒಳಗೆ ಏನೋ ಎರಡು ಸಲ ಕಟಕಟ ಎಂದಿತು. ಆಮೇಲೆ ಬಾಗಿಲು ದಡಾರನೆ ತೆರೆಯಿತು. ಪೋಸ್ಟ್‌ಮಾಸ್ಟರು ಯಾರ ಮುಖವನ್ನೂ ನೋಡದೆ, ಅವರ ವಯಸ್ಸಿಗೆ ಒಪ್ಪದ ವೇಗದಲ್ಲಿ ತಮ್ಮ ಮನೆ ಸೇರಿಕೊಂಡರು. ಬೀಗ ಗೆದ್ದಿತೆಂದು ಮೇಸ್ತ್ರಿ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಆ ಭಾನುವಾರ ಬಂತು. ಮಗಳು ಕೈಯಲ್ಲಿ ರಟ್ಟು ಹಿಡಿದೇ ಒಳಗೆ ಬಂದಳು. ಅಪ್ಪನ ಮನೆಗೆ ಬಂದ ಮಗಳ ಹಾಗಲ್ಲ, ಹದಿನಾಲ್ಕು ಮಹಡಿಯ ಕಟ್ಟಡಕ್ಕೆ ಬಂದ ಇನ್ಸ್‌ಪೆಕ್ಟರ್ ಹಾಗೆ. ಹಸಿರು ಬಾಟಲಿ ಚೀಲದಿಂದ ಇಣುಕುತ್ತಿತ್ತು.

"ಹಾಳೆ ಯಾಕಮ್ಮಾ? ಬಾಯಲ್ಲೇ ಹೇಳಿದ್ರಾಗಲ್ವಾ?" ಎಂದ ಮೇಸ್ತ್ರಿ.

"ಬಾಯಲ್ಲಿ ಹೇಳಿದ್ರೆ ನೀನು 'ನಾಳೆ' ಅಂತೀಯ ಅಪ್ಪಾ. ನಮ್ಮಲ್ಲಿ ಮೂರು ಅಡ್ಡಗೆರೆ ಬಿದ್ರೆ ಲಿಫ್ಟ್ ನಿಲ್ಲಿಸ್ಬಿಡ್ತೀವಿ. ಇಲ್ಲೂ ಅಷ್ಟೇ."

ತೊಟ್ಟಿಯ ಮುಚ್ಚಳದ ಎಂಟು ಬೋಲ್ಟು ನೋಡಿ ಅವಳು ಸರಿ ಎಂದು ಗುರುತು ಹಾಕಿದಳು. ಸೂರಿನಲ್ಲಿ ನೇತಾಡುತ್ತಿದ್ದ ಬಕೆಟ್ಟುಗಳನ್ನು ನೋಡಿ ತುಟಿ ಕಚ್ಚಿ ನಗು ತಡೆದು, ಸರಿ ಎಂದೇ ಗುರುತು ಹಾಕಿದಳು. ಜಾಲರಿ ಸರಿ. ಸ್ಪಂಜಿನ ಟೋಪಿ ಸರಿ. ಮೇಸ್ತ್ರಿಯ ಎದೆ ಒಂದೊಂದೇ ಇಂಚು ಅಗಲವಾಗುತ್ತ ಬಂತು. "ಇನ್ನು ಈ ಬೀಗ ನೋಡು" ಎಂದು ಕಮೋಡಿನ ಮುಂದೆ ನಿಂತು ಭಾಷಣ ಶುರು ಮಾಡಿದ. "ಇದನ್ನ ದೊಡ್ಡವರಿಂದಲೇ ತೆಗೆಯೋಕಾಗಲ್ಲ. ಬೇಕಾದ್ರೆ ಪೋಸ್ಟ್‌ಮಾಸ್ಟರನ್ನ ಕೇಳು. ಎರಡು ಗುಂಡಿ, ನಡುವೆ ಒಂದು..."

ಟಕ್ ಎಂದಿತು. ಕಟ್ಟಿರುವೆ ಗುಂಡಿಯನ್ನೂ ಮುಟ್ಟಿರಲಿಲ್ಲ, ನಾಲಗೆಯನ್ನೂ ಮುಟ್ಟಿರಲಿಲ್ಲ. ಹಿಂದುಗಡೆಯಿಂದ ಹೋಗಿ, ಕೀಲಿನ ಹತ್ತಿರ ಮುಚ್ಚಳವನ್ನು ಎರಡು ಕೈಯಲ್ಲಿ ಹಿಡಿದು ಒಮ್ಮೆ ಕುಲುಕಿತ್ತು, ಅಷ್ಟೇ. ಬಾಯಿ ತೆರೆದ ಕಮೋಡಿಗೆ ತನ್ನ ಒಂದು ಕಾಲುಚೀಲವನ್ನು ಕಾಣಿಕೆಯಂತೆ ಹಾಕಿ, ತಾತನ ಮುಖ ನೋಡಿ ಚಪ್ಪಾಳೆ ತಟ್ಟಿತು.

ಮಗಳು ಒಂದು ಅಡ್ಡಗೆರೆ ಎಳೆದಳು.

ಅಡುಗೆಮನೆಯಲ್ಲಿ ಅಯಸ್ಕಾಂತದ ಚಿಲಕದ ಕಪಾಟಿಗೆ ಕಟ್ಟಿರುವೆ ಬೆನ್ನು ಕೊಟ್ಟು ಕುಕ್ಕರಿಸಿತು. ಕೂತ ರಭಸಕ್ಕೆ ಕಪಾಟು ತಾನಾಗಿಯೇ ತೆರೆದುಕೊಂಡಿತು. ಒಳಗೆ ಏನೂ ಇರಲಿಲ್ಲ, ನಿಜ. ಆದರೂ ಎರಡನೆಯ ಅಡ್ಡಗೆರೆ ಬಿತ್ತು. ಮೇಸ್ತ್ರಿಯ ಮುಖ ಹುಳ್ಳಗಾಯಿತು. ಮಗಳ ಚೀಲದಿಂದ ಶಿಶುವಿಹಾರದ ಫಾರಂನ ಅಂಚು ಇಣುಕುತ್ತಿತ್ತು. ಅದನ್ನು ನೋಡಬಾರದೆಂದುಕೊಂಡಷ್ಟೂ ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ಸ್ವಲ್ಪ ಕೂತ್ಕೊಳೋಣ" ಎಂದಳು ಮಗಳು. ಅಪ್ಪನ ಮುಖ ನೋಡಿ ಅವಳಿಗೂ ಪಾಪ ಅನ್ನಿಸಿರಬೇಕು. ಕಟ್ಟಿರುವೆ ತಾತನ ತೊಡೆಯೇರಿತು. ಅಜ್ಜಿ ಚಹಾ ತಂದಿಟ್ಟಳು.

"ಬೀಗಗೀಗ ಎಲ್ಲಾ ಆಮೇಲೆ. ಮೊದ್ಲು ನಿಮ್ಮಪ್ಪನ ಗೀಸರ್ ಕಥೆ ಕೇಳು" ಎಂದು ಆಕೆ ಶುರುಮಾಡಿದಳು. "ಮೂರು ವಾರದಿಂದ ಬಿಸಿನೀರಿಲ್ಲ. ಅದಕ್ಕೇ ನಿನ್ನೆ ಇವರು ಹೊರಗೆ ಹೋದಾಗ ನಿನ್ನ ಸೋದರಮಾವನ್ನ ಕರೆಸ್ದೆ. ಅವನು ಗೀಸರ್ ಮುಚ್ಚಳ ಬಿಚ್ಚಿ, ಬಿಸಿ ಹೆಚ್ಚು ಕಮ್ಮಿ ಮಾಡೋ ತಿರುಪು ಅರ್ಧದಲ್ಲಿತ್ತು ಅಂತ ಕೊನೇವರೆಗೂ ತಿರುಗಿಸಿ ಹೋದ. ಈಗ ಅರ್ಧ ಗಂಟೆ ಹಿಂದೆ ಸ್ವಿಚ್ ಹಾಕಿದೀನಿ. ಕೊತಕೊತ ಅಂತಿದೆ. ಇವತ್ತಾದ್ರೂ ನಾನು ನೆಟ್ಟಗೆ ಸ್ನಾನ ಮಾಡ್ತೀನೋ ಇಲ್ವೋ!"

ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟ. ಬಾಮೈದನ ಮೇಲೆ ಸಿಟ್ಟು ಬರಲಿಕ್ಕೂ ಅವನಿಗೆ ಪುರುಸೊತ್ತಾಗಲಿಲ್ಲ. ನಲವತ್ತು ಸಲ ಪರೀಕ್ಷೆ ಮಾಡಿದ್ದು ನಿಜ, ಆದರೆ ನಲವತ್ತು ಸಲವೂ ತಿರುಪು ಅರ್ಧದಲ್ಲಿತ್ತು. ಪೂರ್ತಿ ಕುದಿದ ನೀರನ್ನು ಆ ವಾಲ್ವು ತಡೆಯುತ್ತದೋ ಇಲ್ಲವೋ, ನೋಡಿದವರಾರು? ಸ್ವಿಚ್ ಆರಿಸಬೇಕೆಂದು ಏಳಲು ಹೊರಟ.

ಅಷ್ಟರಲ್ಲಿ ಮಗಳು ಚೀರಿದಳು. "ಅಪ್ಪಾ! ಅದೇನದು ಅವಳ ಕೈಲಿ?"

ಕಟ್ಟಿರುವೆಯ ಎರಡು ಕೈಯೂ ಮೊಣಕೈವರೆಗೆ ಬೂದು ಬಣ್ಣ. ಪೈಪು ಸೇರಿಸುವಾಗ ಅದರ ತಿರುಪಿನ ಸುತ್ತುಗಳಿಗೆ ಬಳಿಯುವ ಅಂಟಿನ ಡಬ್ಬಿ ಅದರ ಮಡಿಲಲ್ಲಿ ತೆರೆದು ಬಿದ್ದಿತ್ತು. ಆ ಡಬ್ಬಿ ನಲವತ್ತು ವರ್ಷದಿಂದ ಮೇಸ್ತ್ರಿಯ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಮನೆಯ ಮೂಲೆಮೂಲೆಗೂ ಬೀಗ ಹಾಕಿದವನಿಗೆ ತನ್ನ ಜೇಬು ನೆನಪಾಗಿರಲಿಲ್ಲ. ಬೂದು ಹೆಬ್ಬೆಟ್ಟು ಆಗಲೇ ಬಾಯಿಯ ಹತ್ತಿರ ಹೋಗಿತ್ತು.

ಮಗಳು ಒಂದೇ ನೆಗೆತಕ್ಕೆ ಮಗುವನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡು ಬಚ್ಚಲಿಗೆ ಓಡಿದಳು. ಹಸಿರು ಬಾಟಲಿ ಹುಡುಕುವಷ್ಟು ವ್ಯವಧಾನ ಇರಲಿಲ್ಲ. "ಹಿಡಿ ಕೊಡು, ಹಿಡಿ!" ಎಂದು ಹಿಂದೆಯೇ ಓಡಿಬಂದ ಅಪ್ಪನ ಕೊರಳಿನ ದಾರಕ್ಕೇ ಕೈ ಹಾಕಿದಳು. ದಾರ ತಲೆಯಿಂದಾಚೆ ಬರಲಿಲ್ಲ. ಗಟ್ಟಿ ದಾರ, ಮೇಸ್ತ್ರಿಯೇ ಗಂಟು ಹಾಕಿದ್ದು. ದಾರದ ಜೊತೆ ಮೇಸ್ತ್ರಿಯೂ ಬೇಸಿನ್ನಿನ ಮೇಲಕ್ಕೆ ಬಾಗಿದ. ಎದುರಿಗೆ ಎರಡು ಬೋಳು ಕಡ್ಡಿಗಳು. ಹಿಡಿಗಳನ್ನು ಬಿಚ್ಚಿದಾಗ ಕೆಂಪು ಬೊಟ್ಟು ನೀಲಿ ಬೊಟ್ಟುಗಳನ್ನೂ ತಾನೇ ಬಿಚ್ಚಿಹಾಕಿದೆ ಎಂಬುದು ಅವನಿಗೆ ಹೊಳೆದದ್ದು ಆಗ.

ಮಗಳು ನೋಡಲಿಲ್ಲ. ಈ ಮನೆಯಲ್ಲಿ ಹುಟ್ಟಿ ಬೆಳೆದ ಕೈಗೆ ನೋಡಬೇಕಾದ ಅಗತ್ಯವೂ ಇರಲಿಲ್ಲ. ತಣ್ಣೀರೆಂದರೆ ಎಡಗಡೆ. ಹಿಡಿಯನ್ನು ಎಡಗಡೆಯ ಕಡ್ಡಿಗೆ ಸಿಕ್ಕಿಸಿ ಪೂರ್ತಿ ತಿರುಗಿಸಿ, ಮಗುವಿನ ಎರಡು ಕೈಗಳನ್ನೂ ಮುಂದಕ್ಕೆ ಹಿಡಿದಳು.

"ಅದಲ್ಲ!" ಎಂದು ಮೇಸ್ತ್ರಿ ಕಿರುಚಿದ. ಕೊರಳು ನಲ್ಲಿಗೆ ಕಟ್ಟಿಹೋಗಿತ್ತು, ಹಿಂದೆ ಸರಿಯುವ ಹಾಗಿರಲಿಲ್ಲ. ಮುಂದೆ ಹೋಗಬಹುದಿತ್ತು. ನೀರಿಗೂ ಆ ಪುಟ್ಟ ಕೈಗಳಿಗೂ ನಡುವೆ ತನ್ನ ಮುಖವನ್ನೇ ತೂರಿಸಿ ಕಣ್ಣು ಮುಚ್ಚಿಕೊಂಡ.

ನೀರು ಕೆನ್ನೆಗೆ ಬಿತ್ತು, ಮೂಗಿಗೆ ಹೋಯಿತು, ಕಿವಿಯೊಳಗೆ ಇಳಿಯಿತು. ಅವನು ಸುಡುವುದನ್ನು ಕಾಯುತ್ತಲೇ ಇದ್ದ.

"ಈಗ್ಯಾಕ್ರೀ ಮುಖ ತೊಳ್ಕೊಳ್ತಿದೀರಿ?" ಬಾಗಿಲಲ್ಲಿ ನಿಂತ ಹೆಂಡತಿ ಕೇಳಿದಳು.

ಕಟ್ಟಿರುವೆಗೆ ಇಷ್ಟು ಒಳ್ಳೆಯ ಆಟ ಇದುವರೆಗೆ ಸಿಕ್ಕಿರಲಿಲ್ಲ. ತಾತನ ಒದ್ದೆ ಬೋಳುತಲೆಯನ್ನು ಬೂದು ಕೈಗಳಿಂದ ತಟ್ಟುತ್ತ ಕೇಕೆ ಹಾಕಿತು. "ಬೆಚ್ಚಗೆ! ಬೆಚ್ಚಗೆ!"

ಮೇಸ್ತ್ರಿ ಒಂದು ಕಣ್ಣು ತೆರೆದ. ನೀರು ಬೆಚ್ಚಗಿತ್ತು. ಬೆಚ್ಚಗಷ್ಟೇ ಇತ್ತು. ಎರಡು ಕೈಯಲ್ಲೂ ಬೇಸಿನ್ನಿನ ಅಂಚನ್ನು ಹಿಡಿದುಕೊಂಡ.

"ಬೆಚ್ಚಗಾ?" ಮಗಳ ಕೈ ನಿಂತಿತು. ನಲ್ಲಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಇದು ತಣ್ಣೀರಿನ ನಲ್ಲಿ ಅಲ್ವಾ?"

"ಈಗ ಬಿಸಿದು" ಎಂದ ಮೇಸ್ತ್ರಿ, ಬಗ್ಗಿದಲ್ಲಿಂದಲೇ. "ಗೋಡೆ ಒಡೆದು ಸರಿ ಮಾಡ್ದೆ. ಕುದಿನೀರು ಈಚೆ ಬರದ ಹಾಗೆ ಒಳಗೊಂದು ವಾಲ್ವು ಹಾಕಿದೀನಿ."

"ಅಯ್ಯೋ ನಿಮ್ಮ! ಮೂರು ವಾರ ನನ್ನ ಮೈ ನಡುಗಿಸಿದ್ದು ಅದಾ?" ಎಂದಳು ಹೆಂಡತಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗುವಿನ ಕೈ ಬಾಯಿಗಳನ್ನು ಉಜ್ಜಿ ಉಜ್ಜಿ ತೊಳೆದು, ಅಜ್ಜಿಯ ಕೈಗೆ ಕೊಟ್ಟು, ಮಗಳು ತನ್ನ ಉಡುಪಿನ ಎಡತೋಳನ್ನು ಮೊಣಕೈಯಾಚೆ ಮಡಚಿದಳು. ಮುಂಗೈಯಿಂದ ಮೇಲಕ್ಕೆ ಹೊಳೆಯುವ, ಸುಕ್ಕುಗಟ್ಟಿದ ಆ ಹಳೆಯ ಚರ್ಮ. ಅದನ್ನು ನೀರಿನ ಕೆಳಗೆ ಹಿಡಿದಳು. ಅರ್ಧ ನಿಮಿಷ, ಒಂದು ನಿಮಿಷ. ತೆಗೆಯಲಿಲ್ಲ.

"ಗೀಸರ್ ಪೂರ್ತಿ ಕಾದಿದೆಯಾ?"

"ಪೂರ್ತಿ. ನಿನ್ನ ಮಾವನ ಕೃಪೆ" ಎಂದ ಮೇಸ್ತ್ರಿ. ಕೊರಳಿಗೆ ದಾರ, ಮೂಗಿನ ತುದಿಯಲ್ಲಿ ನೀರು, ತಲೆಯ ಮೇಲೆ ಬೂದು ಬಣ್ಣದ ಐದು ಪುಟ್ಟ ಬೆರಳಿನ ಗುರುತು. ಹೇಳಬೇಕಾದ್ದನ್ನು ಹೇಳಲು ಇದಕ್ಕಿಂತ ಕೆಟ್ಟ ಭಂಗಿ ಇರಲಿಲ್ಲ. ಹೇಳಿದ. "ಅವತ್ತು ನಮ್ಮಕ್ಕನ ತಪ್ಪಲ್ಲ ಕಣಮ್ಮಾ. ನನ್ನ ಪೈಪಿನ ತಪ್ಪು. ಅವಳು ಸಾಯೋವರೆಗೂ ನಾನು ಹೇಳ್ಲಿಲ್ಲ."

"ಗೊತ್ತಪ್ಪಾ" ಎಂದಳು ಮಗಳು. "ಹಾಸ್ಟೆಲಿಗೆ ಸೇರಿದ ಮೊದಲ ದಿನವೇ ಗೊತ್ತಾಯ್ತು. ಅಲ್ಲಿ ಎಡಗಡೆ ಬಿಸಿನೀರು ಬರ್ತಿತ್ತು. ನೀನು ಯಾವತ್ತು ಹೇಳ್ತೀಯಾ ಅಂತ ಕಾಯ್ತಿದ್ದೆ."

ಅವಳು ನಲ್ಲಿ ನಿಲ್ಲಿಸಿ ಹಿಡಿ ಬಿಡಿಸಿದಳು. ಮೇಸ್ತ್ರಿಯ ಬೆನ್ನು ಕೊನೆಗೂ ನೆಟ್ಟಗಾಯಿತು. ಹಾಲ್‌ಗೆ ಬಂದು ರಟ್ಟು ಎತ್ತಿಕೊಂಡಳು. ಅಪ್ಪನ ಅಂಗಿಯನ್ನೊಮ್ಮೆ ನೋಡಿ, 'ಜೇಬು' ಎಂದು ಬರೆದು, ಅದರ ಮುಂದೆ ಅಡ್ಡಗೆರೆ ಎಳೆದಳು. ಮೂರನೆಯದು. ಮೇಸ್ತ್ರಿ ಫಾರಂ ಇದ್ದ ಚೀಲದ ಕಡೆ ನೋಡಿದ.

"ಲಿಫ್ಟ್ ನಿಲ್ಲಿಸ್ತೀಯಾ?"

"ಲಿಫ್ಟ್ ಆಗಿದ್ರೆ ನಿಲ್ಲಿಸ್ತಿದ್ದೆ" ಎಂದಳು ಮಗಳು. ಆಮೇಲೆ ಶಿಶುವಿಹಾರದ ಫಾರಂ ಎಳೆದು, ಕಟ್ಟಿರುವೆಯ ಮೂಗು ಒರೆಸಿದಳು. "ಜೇಬು ಹೊಲಿಸ್ಕೋ. ನಲ್ಲಿಗಳಿಗೆ ಹಿಡಿ ಹಾಕು, ಬೊಟ್ಟು ಅಂಟಿಸು. ಅಮ್ಮನಿಗೆ ಒಂದು ಬಕೆಟ್ಟಾದ್ರೂ ಕೈಗೆ ಸಿಗೋ ಹಾಗೆ ಮಾಡು, ಖಾಲಿ ಇರ್ಬೇಕು, ಬೋರಲಾಗಿರ್ಬೇಕು. ನಾಳೆ ಎಂಟು ಗಂಟೆಗೆ ಬರ್ತೀನಿ."

"ನಾಳೆ ಅಂದ್ರೆ..."

"ನಿನ್ನ ನಾಳೆ ಅಲ್ಲಪ್ಪಾ. ನಿಜವಾದ ನಾಳೆ."

ಅವತ್ತು ಮಧ್ಯಾಹ್ನವೇ ಹೆಂಡತಿ ಮೇಸ್ತ್ರಿಯ ಏಳು ಅಂಗಿಗಳ ಜೇಬನ್ನೂ ಹೊಲಿದು ಮುಚ್ಚಿದಳು. ಒಂದೊಂದು ಹೊಲಿಗೆಗೂ ಮೂರು ವಾರದ ತಣ್ಣನೆ ಸ್ನಾನದ ಲೆಕ್ಕ ಒಪ್ಪಿಸಿದಳು. ಮೇಸ್ತ್ರಿ ಒಂಬತ್ತು ನಲ್ಲಿಗಳಿಗೂ ಹಿಡಿ ಕೂರಿಸಿದ. ಎಡಕ್ಕೆ ಕೆಂಪು, ಬಲಕ್ಕೆ ನೀಲಿ.

ಸೋಮವಾರ ಎಂಟು ಗಂಟೆಗೆ ಐದು ನಿಮಿಷವಿರುವಾಗ ಮಗಳು ಕಟ್ಟಿರುವೆಯನ್ನು ಒಳಗೆ ಬಿಟ್ಟು, ಚೀಲವನ್ನು ಕುರ್ಚಿಯ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಮೇಸ್ತ್ರಿ ಚೀಲ ಬಿಚ್ಚಿ ಒಂದೊಂದೇ ಹೊರಗಿಟ್ಟ. ಎರಡು ಜೊತೆ ಬಟ್ಟೆ, ಒಂದು ಟವೆಲು, ಕಿವಿ ಹರಿದ ಬಟ್ಟೆಯ ಮೊಲ, ಒಂದೇ ಒಂದು ಕಾಲುಚೀಲ. ತಳದವರೆಗೂ ಕೈ ಹಾಕಿ ತಡಕಾಡಿದ. ಬದಿಯ ಜೇಬುಗಳನ್ನೂ ನೋಡಿದ. ಹಸಿರು ಬಾಟಲಿ ಇರಲಿಲ್ಲ.